ಜೂನ್ ಒಂದರಂದು ಹುಟ್ಟಿದವರು

ಆಗ ನಮ್ಮ ಹಣೆಬರಹ ಒಂದು ಗೋಡೆಯ ಮೇಲಿತ್ತು. ಹಾಸ್ಟೆಲಿನ ಊಟದ ಕೋಣೆಗೆ ಹೋಗುವ ದಾರಿಯಲ್ಲಿ, ನೀರಿನ ಫಿಲ್ಟರಿನ ಪಕ್ಕದಲ್ಲಿ ಇಂಚಿನ ಗುರುತು ಹಾಕಿದ ಸುಣ್ಣದ ಗೋಡೆ. ತಿಂಗಳಿನ ಮೊದಲ ಸೋಮವಾರ ಬರಿಗಾಲಲ್ಲಿ ಅದಕ್ಕೆ ಬೆನ್ನು ಹಚ್ಚಿ ನಿಂತರೆ, ತಲೆಯ ಮೇಲೆ ಸ್ಕೇಲ್ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಚಿಕ್ಕವರಿದ್ದಾಗಲೇ ಮನೆ ಬಿಟ್ಟು ಹಾಸ್ಟೆಲಿನಲ್ಲಿ ಬೆಳೆದವರಿಗೆ ಗಂಟೆ, ಸಾಲು, ಸ್ಟೀಲ್ ತಟ್ಟೆಯ ಸದ್ದು ನೆನಪಿರುತ್ತದೆ. ನನಗೆ ಆ ಗೆರೆಗಳು ನೆನಪಿವೆ. ಬೇರೆ ಹುಡುಗರ ಗೆರೆಗಳು ಮೆಟ್ಟಿಲಿನಂತೆ ಏರುತ್ತಿದ್ದವು. ನನ್ನವು ಐದು ತಿಂಗಳು ಒಂದರ ಮೇಲೊಂದು ಬಿದ್ದು ದಪ್ಪ ಕಪ್ಪು ಕಲೆಯಾಗಿದ್ದವು.

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿದ್ದ ಒಂದು ಸಣ್ಣ ಫುಟ್‌ಬಾಲ್ ಅಕಾಡೆಮಿ ಅದು. ಬೆಳಿಗ್ಗೆ ಐದೂವರೆಗೆ ಸೀಟಿ. ನೆನೆಸಿದ ಶೇಂಗಾ ಒಂದು ಮುಷ್ಟಿ, ಬಾಳೆಹಣ್ಣು, ಆಮೇಲೆ ಮೈದಾನ. ಅದಿರು ಲಾರಿಗಳ ಕೆಂಪು ದೂಳು ಹುಲ್ಲಿನ ಮೇಲೂ ಕೂತಿರುತ್ತಿತ್ತು. ಸಾಕ್ಸ್ ಹಿಂಡಿದರೆ ಕುಂಕುಮದ ನೀರು. ಬಿಸಿಲಿಗೆ ಹಾಕಿದ ಗ್ಲೌಸಿನಿಂದ ರಬ್ಬರು, ಬೆವರು, ಹಸಿ ಹುಲ್ಲು ಮೂರೂ ಕಲೆತ ವಾಸನೆ ಬರುತ್ತಿತ್ತು. ಇಸ್ಸಿ ಅನ್ನಬೇಡಿ, ನನಗೆ ಅದು ಮಲ್ಲಿಗೆ. ಎಣ್ಣೆ ಪದಾರ್ಥ ಬಂದ್. ಒಗ್ಗಾಣಿ-ಮಿರ್ಚಿ ತಿಂದು ಬೆಳೆದ ಕಂಪ್ಲಿಯ ನಾಲಿಗೆಗೆ ಬೇಯಿಸಿದ ಮೊಟ್ಟೆ, ಉಪ್ಪಿಲ್ಲದ ಬೇಳೆ. ಆದರೂ ಸ್ವರ್ಗ ಅಂದರೆ ಅದೇ ಎಂದು ನಂಬಿದ್ದೆ. ಈಗಲೂ ನಂಬಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಹದಿಮೂರು ವರ್ಷದೊಳಗಿನವರ ತಂಡದಲ್ಲಿ ಇಬ್ಬರು ಗೋಲ್‌ಕೀಪರ್‌ಗಳು. ಕಂಪ್ಲಿಯ ನಾನು, ಹನುಮಂತ. ಇನ್ನೊಬ್ಬ ಸಂಡೂರಿನ ರುದ್ರ, ಟಿಪ್ಪರ್ ಡ್ರೈವರನ ಮಗ. ಕಾಗದದ ಪ್ರಕಾರ ಇಬ್ಬರೂ ಒಂದೇ ವರ್ಷದ ಜೂನ್ ಒಂದರಂದು ಹುಟ್ಟಿದವರು. ನಮ್ಮ ತಂಡದಲ್ಲಿ ಅರ್ಧಕ್ಕರ್ಧ ಹುಡುಗರು ಜೂನ್ ಒಂದರಂದೇ ಹುಟ್ಟಿದ್ದರು. ಶಾಲೆ ಶುರುವಾಗುವ ತಿಂಗಳು. ತಾಯಿಗೆ ತಾರೀಖು ಗೊತ್ತಿಲ್ಲದಿದ್ದರೆ ಹೆಡ್‌ಮಾಸ್ತರರು ಬರೆಯುತ್ತಿದ್ದ ದಿನ ಅದು. ರುದ್ರನಿಗೆ ಆಗಲೇ ಮೀಸೆ ಚಿಗುರಿತ್ತು. ಭಾನುವಾರ ಬೆಳಿಗ್ಗೆ ಬಚ್ಚಲಿನಲ್ಲಿ ಅವನು ಬ್ಲೇಡ್ ಆಡಿಸುವಾಗ ಬಾಗಿಲಿಗೆ ಕಾವಲು ನಾನೇ.

"ಲೇ ರುದ್ರ, ಖರೇ ಹೇಳು, ನಿನಗ ಎಷ್ಟು ವರ್ಷ?"

"ಕಾಗದ ನೋಡಲೇ, ಕಾಗದ! ನಮ್ಮಪ್ಪ ಎರಡು ವರ್ಷ ತಡಾ ಮಾಡಿ ಸಾಲಿಗೆ ಹಾಕ್ಯಾನ. ಅದಕ್ಕ ನಾ ಏನ್ ಮಾಡ್ಲಿ?" ಎಂದು ನಗುತ್ತಿದ್ದ. ಒಳ್ಳೆಯ ಹುಡುಗ. ಅವನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು, ಪ್ರೀತಿಯೂ ಇತ್ತು.

ಆ ಬೇಸಿಗೆಯಲ್ಲಿ ನಮ್ಮನ್ನು ಹದಿನೈದರೊಳಗಿನವರ ತಂಡಕ್ಕೆ ಏರಿಸಬೇಕಿತ್ತು. ಏರಿಸದಿದ್ದರೆ ಮನೆಗೆ. ಮೇಲಿನ ತಂಡಕ್ಕೆ ವರ್ಷಕ್ಕೆ ಒಬ್ಬನೇ ಕೀಪರ್ ಎಂಬುದು ವಾಡಿಕೆ. ನಾನು ಚೆಂಡು ಹಿಡಿದರೆ ಗಮ್ ಹಾಕಿ ಅಂಟಿಸಿದ ಹಾಗೆ. ಆದರೆ ಮೇಲಿನ ಮೂಲೆಗೆ ಬಂದ ಚೆಂಡು ಬೆರಳ ತುದಿಯಿಂದ ನಾಲ್ಕು ಅಂಗುಲ ಮೇಲೆ ಹಾದು ಬಲೆಗೆ ಬೀಳುತ್ತಿತ್ತು. ನಮ್ಮ ಕೋಚ್ ಇಮ್ತಿಯಾಜ್ ಸರ್ ಹೊಸಪೇಟೆಯವರು, ಬಾಯಿ ಬಿಟ್ಟರೆ ಬೈಗುಳ.

"ಕೈ ಮಸ್ತ್ ಅದಾವಲೇ ನಿನ್ವು. ಆ ಕೈಗೆ ತಕ್ಕ ಮೈ ಎಲ್ಲಿಟ್ಟು ಬಂದಿ? ಕಂಪ್ಲ್ಯಾಗ ಬಿಟ್ಟು ಬಂದಿಯೇನು?"

ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆಮೇಲೆ ಗೋಲಿನ ಅಡ್ಡಪಟ್ಟಿಗೆ ಜೋತುಬೀಳುತ್ತಿದ್ದೆ. ರುದ್ರ ಕಾಲು ಹಿಡಿದು ಕೆಳಗೆ ಜಗ್ಗುತ್ತಿದ್ದ. ಅಡುಗೆಯವರನ್ನು ಕಾಡಿ ಇನ್ನೊಂದು ಲೋಟ ಹಾಲು ಕುಡಿದು ವಾಂತಿ ಮಾಡಿಕೊಂಡಿದ್ದೆ. ಹಂಪಿಗೆ ಕರೆದುಕೊಂಡು ಹೋದಾಗ ಹುಡುಗರೆಲ್ಲ ಗುಡಿಯ ಆನೆಯನ್ನು ಸುತ್ತುವರಿದರೆ, ನಾನು ವಿರೂಪಾಕ್ಷನ ಎದುರು ಕಣ್ಣು ಮುಚ್ಚಿ ಮೂರು ಇಂಚು ಬೇಡಿಕೊಂಡೆ. ಬುದ್ಧಿ, ಓದು, ಅಪ್ಪನ ಆರೋಗ್ಯ ಯಾವುದನ್ನೂ ಕೇಳಲಿಲ್ಲ. ಮುಂದಿನ ಸೋಮವಾರ ಪೆನ್ಸಿಲು ಮತ್ತೆ ಅದೇ ಕಪ್ಪು ಕಲೆಯ ಮೇಲೇ ಓಡಿತು.

ಆಯ್ಕೆಯ ಪಟ್ಟಿ ಹಚ್ಚುವ ಶನಿವಾರಕ್ಕೆ ಆರು ದಿನ ಇರುವಾಗ, ಭೇಟಿಯ ಭಾನುವಾರ ಅವ್ವ ಬಂದಳು. ಅಪ್ಪ ಭತ್ತ ಕೊಯ್ಯುವ ಮಷೀನಿನ ಹಿಂದೆ ಊರೂರು ತಿರುಗುತ್ತಿದ್ದ, ಬರುವವಳು ಅವಳೊಬ್ಬಳೇ. ಎರಡು ಬಸ್ಸು ಹತ್ತಿಳಿದು, ಸೆರಗಿನಲ್ಲಿ ಮುಚ್ಚಿ ತಂದ ಡಬ್ಬಿಯಲ್ಲಿ ಶೇಂಗಾ ಹೋಳಿಗೆ. ಬೇವಿನ ಮರದ ಕೆಳಗೆ ಕೂತೆವು. ಹೋಳಿಗೆಯ ಮೊದಲ ತುತ್ತಿಗೇ ನನಗೆ ಅಳು ಬಂದುಬಿಟ್ಟಿತು.

"ಯಾಕೋ ಯಪ್ಪಾ? ಯಾರರ ಹೊಡದ್ರೇನು?"

"ನನ್ನ ಮನಿಗೆ ಕಳಸ್ತಾರವ್ವ. ನಾ ಗಿಡ್ಡ ಅದೀನಿ. ನನ್ನ ವಯಸ್ಸಿನವರೆಲ್ಲ ಉದ್ದ ಆಗ್ಯಾರ."

ಅವ್ವ ನೆಲದ ಮೇಲಿನ ಬೇವಿನ ಹೂವು ಕೆದಕುತ್ತ ಕೂತಿದ್ದಳು. ಆಮೇಲೆ ಕಳ್ಳತನ ಒಪ್ಪಿಕೊಳ್ಳುವವಳ ಹಾಗೆ ಮೆಲ್ಲಗೆ ಹೇಳಿದಳು.

"ಅವರು ನಿನ್ನ ವಯಸ್ಸಿನವರಲ್ಲೋ. ನಿನ್ನ ವಯಸ್ಸು ನಾ ಹೆಚ್ಚಿಗಿ ಬರಸೀನಿ. ನಿಮ್ಮಜ್ಜಿ ಸತ್ತ ವರ್ಷ ಅದು. ನಿನ್ನ ನೋಡ್ಕೊಳ್ಳಾಕ ಯಾರೂ ಇರಲಿಲ್ಲ. ಮ್ಯಾಲಿನ ಓಣಿ ಹುಡುಗ ಕಾಲುವ್ಯಾಗ ಬಿದ್ದು ಹೋಗಿ ಎಂಟು ದಿನ ಆಗಿತ್ತು. ನಾ ನಾಟಿಗೆ ಹೋದ್ರ ನೀ ಕಾಲುವಿ ದಂಡಿ ಮ್ಯಾಲೇ ಇರ್ತಿದ್ದಿ. ಸಾಲ್ಯಾಗರ ಮಾಸ್ತರ ಕಣ್ಣ ಮುಂದ ಇರ್ತಾನ ಅಂತ ಎಳಕೊಂಡು ಹೋದೆ. ವಯಸ್ಸು ಸಾಲದು ಅಂದ್ರು. ಕೈ ತಲಿ ಮ್ಯಾಲಿಂದ ಹಾಸಿ ಆಚಿ ಕಿವಿ ಮುಟ್ಟಲಿ, ಮುಟ್ಟಿದ್ರ ಹಚ್ಚಿಕೊಳ್ತೀನಿ ಅಂದ್ರು ಹೆಡ್‌ಮಾಸ್ತರು. ನಿನಗಿನ್ನಾ ಐದು ತುಂಬಿರಲಿಲ್ಲ, ಮುಟ್ಟೇಬಿಟ್ಟಿ! ನಿನ್ನ ಕೈ ಮೊದಲಿಂದಾನೂ ಉದ್ದ. ಆರು ತುಂಬೇತಿ ಅಂತ ಬರಕೊಂಡ್ರು."

ಹಳ್ಳಿಯ ಹಳೆಯ ಮಾಸ್ತರರಿಗೆಲ್ಲ ಗೊತ್ತಿದ್ದ ಪರೀಕ್ಷೆ ಅದು. ಯಾವ ಕೈ ನೋಡಿ ಕೋಚ್ ನನ್ನನ್ನು ಆರಿಸಿದ್ದರೋ ಅದೇ ಕೈ ನನಗೆ ಒಂದು ವರ್ಷ ಎರಡು ತಿಂಗಳು ಸುಳ್ಳು ವಯಸ್ಸು ಕೂಡಿಸಿತ್ತು. ನನಗಾದದ್ದು ಸಿಟ್ಟಲ್ಲ, ಹಿಗ್ಗು. ನಾನು ಗಿಡ್ಡನಲ್ಲ! ಚಿಕ್ಕವನು, ಅಷ್ಟೇ! ವಯಸ್ಸು ಸರಿಯಾದರೆ ಇನ್ನೊಂದು ವರ್ಷ ಇದೇ ತಂಡದಲ್ಲಿ ಇರಬಹುದು, ಅಷ್ಟರಲ್ಲಿ ಬೆಳೆಯಬಹುದು. ಹೋಳಿಗೆ ಬಿಟ್ಟು ಎದ್ದು ನಿಂತೆ.

"ಹೆಡ್‌ಮಾಸ್ತರ ಕಡಿಂದ ಖರೇ ವಯಸ್ಸಿನ ಕಾಗದ ಬರಸ್ಕೊಂಡು ಬಾ ಅವ್ವ. ಜಲ್ದಿ. ಶನಿವಾರದೊಳಗ."

"ಬ್ಯಾಡೋ. ಒಮ್ಮಿ ಬರದದ್ದು ಬರದಾಗೇತಿ. ಕಾಗದ-ಪತ್ರದ ತಂಟಿ ನಮ್ಮಂಥೋರಿಗೆ ಬ್ಯಾಡ. ಕೆದಕಿದ್ರ ಗಾಯ ದೊಡ್ಡದಾಗತೈತಿ."

"ನಿನ್ನಿಂದಾನ ಹಿಂಗಾತು! ನೀ ಮಾಡಿದ್ದು ನೀನ ಸರಿ ಮಾಡು!"

ಹೌದು, ಹಾಗೇ ಅಂದೆ. ಕಾಲುವೆಯಿಂದ ನನ್ನನ್ನು ಉಳಿಸಿಕೊಳ್ಳಲು ಸುಳ್ಳು ಬರೆಸಿದವಳಿಗೆ ಹಾಗಂದೆ. ಅವ್ವ ಡಬ್ಬಿ ಮುಚ್ಚಿ ನನ್ನ ಕೈಗಿತ್ತಳು. "ಆತು ಬಿಡು, ತರ್ತೀನಿ" ಎಂದು ಬಸ್ಸಿಗೆ ಹೊರಟಳು.

ಆ ಆರು ದಿನ ನಾನು ನಿದ್ದೆಯಲ್ಲೂ ಗೇಟು ನೋಡುತ್ತಿದ್ದೆ. ಅಭ್ಯಾಸದಲ್ಲಿ ಚೆಂಡು ಕೈಜಾರಿತು, ಬೈಸಿಕೊಂಡೆ. ಸೋಮವಾರ ಬರಲಿಲ್ಲ, ಮಂಗಳವಾರ ಬರಲಿಲ್ಲ. ಶುಕ್ರವಾರ ಮಧ್ಯಾಹ್ನ ಆಫೀಸಿನ ಬಾಗಿಲು ಹಾಕಿ ಮೀಟಿಂಗ್ ಕೂತರು. ಒಳಗಿನಿಂದ ಇಮ್ತಿಯಾಜ್ ಸರ್ ಟೇಬಲ್ ಗುದ್ದಿದ ಸದ್ದು ಕೇಳಿಸಿತು. ರುದ್ರ ನನ್ನ ಹೆಗಲ ಮೇಲೆ ಕೈ ಹಾಕಿ, "ಇಬ್ಬರನ್ನೂ ತಗೋತಾರ ನೋಡ್ತಿರು" ಅಂದ. ಅವನ ಮುಖ ನೋಡಲಾಗಲಿಲ್ಲ.

ಶನಿವಾರ ಹತ್ತು ಗಂಟೆಗೆ ಗೇಟಿನಲ್ಲಿ ಅವ್ವ ಕಂಡಳು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಮಡಿಸಿದ ಕಾಗದ. ನಾನು ಮೈದಾನದ ಆಚೆ ಕೊನೆಯಲ್ಲಿದ್ದೆ, ಅಭ್ಯಾಸದ ನಡುವೆ ಬಿಟ್ಟು ಬರುವ ಹಾಗಿರಲಿಲ್ಲ. ಅವಳು ಆಫೀಸಿನೊಳಗೆ ಹೋದದ್ದು ಕಂಡಿತು. ನೋಡಿ, ಆ ಕ್ಷಣ ನನ್ನ ಇಡೀ ಬಾಲ್ಯದಲ್ಲೇ ಅತ್ಯಂತ ಸುಖದ ಕ್ಷಣ. ಮುಂದಿನ ಐದು ಚೆಂಡು ಐದೂ ಹಿಡಿದೆ.

ಹನ್ನೆರಡಕ್ಕೆ ಇಮ್ತಿಯಾಜ್ ಸರ್ ತಮ್ಮ ಕೋಣೆಗೆ ಕರೆದರು. "ಕುಂದ್ರು" ಅಂದರು. ಅವರು ಯಾರಿಗೂ ಕುಂದ್ರು ಅಂದವರಲ್ಲ. ಟೇಬಲಿನ ಮೇಲೆ ಎರಡು ಕಾಗದ ಪಕ್ಕಪಕ್ಕ. ಒಂದು ನಾನು ಸೇರುವಾಗ ಕೊಟ್ಟದ್ದು, ಇನ್ನೊಂದು ಅವ್ವ ತಂದದ್ದು. ಎರಡರ ಮೇಲೂ ನಮ್ಮ ಶಾಲೆಯ ಅದೇ ನೇರಳೆ ಮೊಹರು, ಅದೇ ಸಹಿ. ಎರಡರಲ್ಲೂ ಜೂನ್ ಒಂದು. ವರ್ಷ ಮಾತ್ರ ಬೇರೆ. ನಾನು ಹುಟ್ಟಿದ್ದು ನಾಟಿ ಕಾಲದಲ್ಲಿ, ಕಾಲುವೆಗೆ ನೀರು ಬಿಟ್ಟ ಮೇಲೆ. ಪುಣ್ಯಾತ್ಮ ಹೆಡ್‌ಮಾಸ್ತರರು ಸತ್ಯ ಬರೆಯುವಾಗಲೂ ರೂಢಿ ಬಿಟ್ಟಿರಲಿಲ್ಲ.

"ಯಾವ ಶಾಣ್ಯಾ ಹೇಳಿದ್ನಲೇ ಇದನ್ನ ತರಾಕ?"

"ನಾನ ಹೇಳಿದ್ದು ಸರ್. ಅದು ಖರೇ ವಯಸ್ಸು."

"ನನಗ ಗೊತ್ತೈತಿ ಖರೇ ಅಂತ. ನಿನ್ನ ಹಲ್ಲು ನೋಡಿದ್ರ ಗೊತ್ತಾಗತೈತಿ. ಆದ್ರ ವಯಸ್ಸು ಕಮ್ಮಿ ಮಾಡಿ ಕಾಗದ ತರೋರು ಯಾರು ಹೇಳು? ಮೋಸ ಮಾಡೋರು. ಎರಡು ತಾರೀಖು ಸಿಕ್ಕ ಹುಡುಗನ್ನ ಇಟ್ಕೊಂಡ್ರ ಇಡೀ ಟೀಮ್ ಟೂರ್ನಮೆಂಟಿನಿಂದ ಹೊರಗ ಹೋಗತೈತಿ."

ಆ ನಿಯಮ ನನಗೂ ಗೊತ್ತಿತ್ತು. ಸೇರಿದ ದಿನವೇ ಓದಿ ಹೇಳಿದ್ದರು. ಅದು ಕಳ್ಳರಿಗೆ, ನನಗಲ್ಲ ಅಂದುಕೊಂಡಿದ್ದೆ.

"ಎಕ್ಸ್‌ರೇ ತೆಗಸ್ರಿ ಸರ್! ಎಲುಬು ನೋಡ್ರಿ ಬೇಕಾದ್ರ!"

"ಎಕ್ಸ್‌ರೇ ವಯಸ್ಸು ಹೇಳತೈತಿ. ಎರಡು ಕಾಗದ ಯಾಕ ಅಂತ ಹೇಳಂಗಿಲ್ಲ."

ನಾನು ಅವರ ಕಾಲು ಹಿಡಿದೆ. ನಾಚಿಕೆ ಬಿಟ್ಟು ಹಿಡಿದೆ. ಚೆಂಡು ಹೆಕ್ಕಿಕೊಡುತ್ತೇನೆ, ಬೂಟು ಒರೆಸುತ್ತೇನೆ, ಊಟ ಅರ್ಧ ಕೊಡಿ ಸಾಕು, ಇಲ್ಲೇ ಇರಲು ಬಿಡಿ ಅಂದೆ. ಸರ್ ನನ್ನನ್ನು ಎತ್ತಿ ನಿಲ್ಲಿಸಿದರು. ಡ್ರಾಯರಿನಿಂದ ಟೈಪ್ ಮಾಡಿದ ಹಾಳೆಯೊಂದನ್ನು ತೆಗೆದರು. ಮೇಲಿನ ತಂಡದ ಪಟ್ಟಿ. ಕೀಪರ್‌ಗಳು: ರುದ್ರ, ಹನುಮಂತ. ನನ್ನ ಹೆಸರಿನ ಮೇಲೆ ಕೆಂಪು ಇಂಕಿನ ಗೆರೆ.

"ನಿನ್ನೆ ಒಂದು ತಾಸು ಜಗಳಾಡೀನಲೇ. ಎತ್ತರ ಬರತೈತಿ, ಇಂಥ ಕೈ ಮತ್ತ ಸಿಗಂಗಿಲ್ಲ ಅಂತ ಹೇಳಿ ಇಬ್ಬರನ್ನೂ ಹಾಕ್ಸಿದ್ದೆ. ಇವತ್ತು ಹನ್ನೆರಡಕ್ಕ ಬೋರ್ಡಿಗೆ ಹಚ್ಚೋದಿತ್ತು." ಹಾಳೆ ಮಡಿಸಿ ಡ್ರಾಯರಿಗೆ ಹಾಕಿದರು. ನನ್ನ ಕಡೆ ಬೆನ್ನು ಮಾಡಿ ಕಿಟಕಿಯ ಹತ್ತಿರ ನಿಂತರು.

ರುದ್ರನ ಕಾಗದ ಒಂದೇ ಇತ್ತು. ಸುಳ್ಳಾದರೂ ಒಂದೇ. ಅವನು ಉಳಿದ. ಬಚ್ಚಲಿನ ಬ್ಲೇಡಿನ ವಿಷಯ ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ನುಂಗಿಕೊಂಡೆ. ಅದನ್ನು ಹೇಳಿದ್ದರೆ ನನಗೇನೂ ಸಿಗುತ್ತಿರಲಿಲ್ಲ, ಅವನದೂ ಹೋಗುತ್ತಿತ್ತು.

ಟ್ರಂಕು ಹೊತ್ತು ಗೇಟಿಗೆ ಬಂದೆ. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಟ್ರಂಕು ನೋಡಿ ಎದ್ದಳು. ಆಫೀಸಿನವರು ಅವಳಿಗೆ ಏನೂ ಹೇಳಿರಲಿಲ್ಲ, ಕಾಗದ ಇಸಿದುಕೊಂಡು ಹೊರಗೆ ಕೂರಿಸಿದ್ದರು ಅಷ್ಟೇ.

"ಯಾಕೋ? ಕಾಗದ ಸರಿ ಇರಲಿಲ್ಲೇನು?"

ಅವಳ ಕಾಲಿನ ಬೆರಳ ಸಂದಿಯಲ್ಲಿ ಗದ್ದೆಯ ಮಣ್ಣು ಮೆತ್ತಿತ್ತು. ಎರಡು ಬಸ್ಸು ಬದಲಿಸಿ, ಸ್ನಾನಕ್ಕೂ ನಿಲ್ಲದೆ ಬಂದಿದ್ದಳು. ನಾನು ಅಂದೆ, "ಸರಿ ಇತ್ತವ್ವ. ನಿನ್ನೇನ ಮೀಟಿಂಗ್ ಮುಗದುಬಿಟ್ಟಿತ್ತು. ತಡಾ ಆತು."

ಹನ್ನೆರಡು ವರ್ಷದ ಹುಡುಗನಿಗೆ ಹೊಳೆದ ಮಟ್ಟಿಗೆ ಅದು ಒಳ್ಳೆಯ ಮಾತು. ಮೀಟಿಂಗ್ ಮುಗಿದಿದ್ದಂತೂ ನಿಜ. ಅವ್ವನಿಗೆ ತಪ್ಪು ತನ್ನದಲ್ಲ ಎನಿಸಲಿ ಎಂದು ಹೇಳಿದ್ದೆ. ಆದರೆ ಅವಳು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತಳು. ಕಾಗದ ಕೊಡಲು ಗುರುವಾರವೇ ಹೆಡ್‌ಮಾಸ್ತರರು ಕರೆದಿದ್ದರಂತೆ. ಕೊಯ್ಲು ಜೋರಿತ್ತು, ಒಂದು ದಿನ ಕೂಲಿ ತಪ್ಪಿಸುವುದು ಬೇಡ, ನಾಳೆ ಹೋದರಾಯಿತು ಎಂದುಕೊಂಡಳಂತೆ. "ಅಯ್ಯ ಶಿವನ, ಒಂದು ದಿನ! ಒಂದ ಒಂದು ದಿನ!" ಎಂದು ಹಣೆ ಬಡಿದುಕೊಂಡಳು.

ಅದೆಲ್ಲ ಆಗಿ ವರ್ಷಗಳಾದವು. ವಿರೂಪಾಕ್ಷ ನಿಧಾನಸ್ಥ, ಹದಿನಾರರಿಂದ ಹದಿನೆಂಟರೊಳಗೆ ಮೂರಲ್ಲ, ಒಂಬತ್ತು ಇಂಚು ಕೊಟ್ಟ. ಈಗ ಆರಡಿ ದಾಟಿದ್ದೇನೆ. ಅಕ್ಕಿ ಗಿರಣಿಯಲ್ಲಿ ಮೇಲಿನ ಸಾಲಿಗೆ ಚೀಲ ಎತ್ತುವುದಿದ್ದರೆ ನನ್ನನ್ನೇ ಕರೆಯುತ್ತಾರೆ. ಅಕಾಡೆಮಿ ಇದ್ದ ಜಾಗದಲ್ಲಿ ಈಗ ಲಾರಿ ನಿಲ್ಲುತ್ತವೆ. ಆ ಗ್ಲೌಸಿನ ವಾಸನೆ, ಐದೂವರೆಯ ಸೀಟಿ, ಟೇಬಲ್ ಗುದ್ದಿ ನನ್ನ ಪರವಾಗಿ ಜಗಳಾಡುವ ಒಬ್ಬ ಮನುಷ್ಯ, ಇವು ಮತ್ತೆ ಸಿಗಲಿಲ್ಲ. ಕಾಲ ಎಲ್ಲ ಮರೆಸುತ್ತದೆ ಅನ್ನುವವರಿಗೆ ನನ್ನದೊಂದು ನಮಸ್ಕಾರ.

ಅವ್ವನಿಗೆ ಓದಲು ಬರುವುದಿಲ್ಲ, ಆ ಧೈರ್ಯದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ನಾನು ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬರುವಾಗಲೆಲ್ಲ ಅವಳು ಒಮ್ಮೆ ಮೇಲೆ ಕೆಳಗೆ ನೋಡುತ್ತಾಳೆ. "ಅವತ್ತೊಂದು ದಿನ ಕೂಲಿ ಬಿಟ್ಟು ಬಂದಿದ್ರ ನೀ ಎಲ್ಲಿರ್ತಿದ್ದಿ ಹನುಮ" ಅನ್ನುತ್ತಾಳೆ. ಹೌದು ಅಂದರೆ ಪಾಪ ತಗಲುತ್ತದೆ. ಅಲ್ಲ ಅಂದರೆ ನಿಜ ಹೇಳಬೇಕಾಗುತ್ತದೆ: ಅವ್ವ, ನೀನು ಬರಲೇಬಾರದಿತ್ತು; ಇನ್ನೆರಡು ತಾಸು ತಡವಾಗಿ, ಪಟ್ಟಿ ಬೋರ್ಡಿಗೆ ಬಿದ್ದ ಮೇಲೆ ಬಂದಿದ್ದರೂ ಸಾಕಿತ್ತು. ಅದನ್ನು ಹೇಳುವ ಎತ್ತರ ನನಗಿನ್ನೂ ಬಂದಿಲ್ಲ. ಕೈಕಾಲು ತೊಳೆದು ಬಂದು, ಊಟಕ್ಕೆ ನೀಡವ್ವ ಅನ್ನುತ್ತೇನೆ.