ಸೀಟಿನ ಜೇಬು ನೋಡಿ ದೂರ ಹೇಳುತ್ತಿದ್ದವಳು

ಅವಳ ಸುದ್ದಿ ಮೊದಲು ನನ್ನ ಕಿವಿಗೆ ಬಿದ್ದದ್ದು ನಾನು ವಿಮಾನ ಗುಡಿಸುವ ಕೆಲಸಕ್ಕೆ ಸೇರಿದ ದಿನ. ಸಮವಸ್ತ್ರ ಕೊಡುತ್ತಾ ಮೇಸ್ತ್ರಿ, "ನಿನ್ನ ಜೊತೆ ಅಳತೆಯಕ್ಕ ಇರ್ತಾಳೆ. ಕಸ ನೋಡಿ ವಿಮಾನ ಎಷ್ಟು ದೂರದಿಂದ ಬಂತು ಅಂತ ಹೇಳ್ತಾಳೆ, ಗಾಬರಿ ಬೀಳ್ಬೇಡ" ಎಂದ.

ನಿಜವೇ. ಸೀಟಿನ ಜೇಬಿಗೆ ಕೈ ಹಾಕಿದವಳೇ, "ಕಾಲುಚೀಲ ಬಿಟ್ಟು ಹೋಗಿದಾರೆ, ಹೊದಿಕೆ ಮುದ್ದೆ ಆಗಿದೆ. ಎಂಟು ಗಂಟೆಗೆ ಕಡಿಮೆ ಇಲ್ಲ" ಅನ್ನುವಳು. ಬರೀ ಬಿಸ್ಕತ್ತಿನ ಕಾಗದ ಸಿಕ್ಕರೆ, "ಇದು ಪಕ್ಕದ ಮನೇದು." ನಾನು ಓದಿದ್ದು ನಾಲ್ಕನೆಯ ತರಗತಿ, ಅವಳು ಅದೂ ಇಲ್ಲ. ನಮ್ಮ ಭೂಗೋಳವೆಲ್ಲ ಆ ಕಸದಲ್ಲೇ.

ಅವಳ ಗಂಡ ಬೇರೆ ನಗರದ ಕಾರ್ಖಾನೆಯೊಂದರಲ್ಲಿ ಅಡುಗೆಯವನು. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ. "ಒಂಬತ್ತು ಗಂಟೆ ವಿಮಾನದಲ್ಲೇ ಕೂರ್ಬೇಕು ಕಣೆ, ಸೊಂಟ ಬಿದ್ದುಹೋಗುತ್ತೆ" ಎನ್ನುತ್ತಿದ್ದನಂತೆ. ನನ್ನನ್ನು ಚಿಕ್ಕಮ್ಮ ಎಂದು ಕರೆಯುತ್ತಿದ್ದ ಅವರ ಮಗಳ ಮದುವೆಗೂ ಬರಲಿಲ್ಲ. ಬೀಗಿತ್ತಿ ಕೊಂಕು ತೆಗೆದಾಗ ಇವಳೇ ಜಗಳಕ್ಕೆ ನಿಂತಳು: "ನೀವು ಒಂಬತ್ತು ಗಂಟೆ ಕೂತು ನೋಡಿ, ಆಮೇಲೆ ಮಾತಾಡಿ." ದೂರವೊಂದೇ ಅವನನ್ನು ತಡೆದಿದೆ ಎಂಬ ನಂಬಿಕೆಯ ಮೇಲೆ ಅವಳ ಸಂಸಾರ ನಿಂತಿತ್ತು.

ಆ ನಗರದ ವಿಮಾನಗಳು ಇಳಿಯುತ್ತಿದ್ದುದು ಹಳೆಯ ನಿಲ್ದಾಣದಲ್ಲಿ; ನಮ್ಮ ಕೆಲಸ ಹೊಸದರಲ್ಲಿ. ಹಳೆಯದಕ್ಕೆ ಬೀಗ ಬಿದ್ದು ಅಲ್ಲಿನ ವಿಮಾನಗಳೆಲ್ಲ ನಮ್ಮಲ್ಲಿಗೆ ಬಂದ ವಾರ, ಮಡಿಕೆ ಬಿಚ್ಚದ ಹೊದಿಕೆಗಳಿದ್ದ ಒಂದು ವಿಮಾನ ಹತ್ತಿದೆವು. "ಪಕ್ಕದ ಮನೇದು" ಎಂದು ನಕ್ಕಳು. ಬಾಗಿಲಲ್ಲಿದ್ದ ಗಗನಸಖಿಯನ್ನು ಸುಮ್ಮನೆ ಮಾತಿಗೆಳೆದಳು. "ಎಲ್ಲಿಂದ ಬಂದ್ರಿ ತಾಯಿ?"

ಆ ಹುಡುಗಿ ಅವಳ ಗಂಡನಿದ್ದ ನಗರದ ಹೆಸರನ್ನೇ ಹೇಳಿದಳು.

"ಮಧ್ಯ ಎಲ್ಲೆಲ್ಲಿ ನಿಲ್ಸಿದ್ರಿ?"

"ಎಲ್ಲೂ ಇಲ್ಲಮ್ಮ. ಆರುನೂರು ಚಿಲ್ಲರೆ ಕಿಲೋಮೀಟರು. ಒಂದು ಗಂಟೆ ಹತ್ತು ನಿಮಿಷ, ಅಷ್ಟೆ."

ಕೆಲಸದ ವೇಳೆಯಲ್ಲಿ ನಾವು ಸೀಟಿನಲ್ಲಿ ಕೂರುವಂತಿರಲಿಲ್ಲ. ಅವಳು ಕುಳಿತುಬಿಟ್ಟಳು. ನನ್ನ ಕಡೆ ತಿರುಗಿದಳು.

"ನಿಮ್ಮ ಯಜಮಾನ್ರು ಹಳೇ ನಿಲ್ದಾಣದಲ್ಲೇ ಅಲ್ವೇನೆ ಸಾಮಾನು ಇಳಿಸ್ತಿದ್ದಿದ್ದು? ಅವ್ರಿಗೆ ಗೊತ್ತಿರ್ಲಿಲ್ವಾ?"

ಗೊತ್ತಿತ್ತು. ತೀರಿಕೊಳ್ಳುವ ಮುಂಚೆ ನನ್ನ ಗಂಡ ನನಗೂ ಹೇಳಿದ್ದರು, ಅವಳ ಸಂಸಾರ, ನೀನು ಬಾಯಿ ಬಿಡಬೇಡ ಅಂತಲೂ. ನಾಲ್ಕು ವರ್ಷ ಅವಳ ಡಬ್ಬಿಯಲ್ಲೇ ಕೈಹಾಕಿ ಉಂಡು, ಆ ಒಂಬತ್ತು ಗಂಟೆಯ ಕಥೆಗೆ ಹೂಂಗುಟ್ಟಿದ್ದೆ. ಅಂದು ಮಾತ್ರ ಸುಳ್ಳಿಗೆ ನಾಲಿಗೆ ಹೊರಳಲಿಲ್ಲ.

"ಗೊತ್ತಿತ್ತಕ್ಕ."

"ಅವನಾದ್ರೂ ಗಂಟೆ ಹತ್ತು ನಿಮಿಷ ಆಚೆ ಇದ್ದ. ನೀನು ಪಕ್ಕದ ಸಾಲಲ್ಲೇ ಇದ್ದೆ."

ಉಳಿದ ಸಾಲುಗಳನ್ನೆಲ್ಲ ಒಬ್ಬಳೇ ಗುಡಿಸಿದಳು. ನನಗೆ ಪೊರಕೆ ಮುಟ್ಟಲು ಬಿಡಲಿಲ್ಲ. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ. ನನ್ನನ್ನು ಅವಳು ಕೊನೆಯದಾಗಿ ಕೇಳಿಕೊಂಡದ್ದು ಆ ಸಂಜೆ, ಗೇಟಿನ ಹತ್ತಿರ, ಗುರುತಿನ ಚೀಟಿ ಬಿಚ್ಚುತ್ತಾ:

"ನಿಂಗೆ ಗೊತ್ತಿತ್ತು ಅಂತ ನನ್ನ ಮಗಳಿಗೆ ಹೇಳ್ಬೇಡ. ಅಪ್ಪನ್ನ ಕಳ್ಕೊಂಡಾಯ್ತು, ಚಿಕ್ಕಮ್ಮನ್ನೂ ಕಳ್ಕೊಳ್ಳೋದು ಬೇಡ ಅದು."