ಬಾಯಕ್ಕನ ಬಳೆ, ಬಾವಿಯ ಜೆಲ್ಲಿಫಿಶ್

2022ರ ಬೇಸಿಗೆಯ ಮಾತು. ಚಿಕ್ಕೋಡಿಯಲ್ಲಿ ನನ್ನ ಫೋಟೋ ಸ್ಟುಡಿಯೋ ಶುರುವಾಗಿ ಆಗ ಮೂವತ್ತೊಂದು ವರ್ಷ ಮುಗಿದಿತ್ತು. ಮದುವೆ, ಮಕ್ಕಳ ಜವಳ, ಪಾಸ್‌ಪೋರ್ಟ್ ಸೈಜಿನ ಫೋಟೋ ನನ್ನ ಹೊಟ್ಟೆಪಾಡು. ನೀರೊಳಗಿನ ಫೋಟೋ ನನ್ನ ಹುಚ್ಚು. ಈ ಹುಚ್ಚು ಹತ್ತಿದ್ದೂ ಕೆಲಸದಿಂದಲೇ. ಕೃಷ್ಣಾ ನದಿಯಿಂದ ಕಬ್ಬಿಗೆ ನೀರೆತ್ತುವ ರೈತರು ಒಮ್ಮೆ ನನ್ನನ್ನು ಕರೆದು, ಪಂಪಿನ ಫುಟ್‌ವಾಲ್ವಿಗೆ ಏನು ಸಿಕ್ಕಿಕೊಂಡಿದೆ ಎಂದು ಫೋಟೋ ತೆಗೆದು ತೋರಿಸು ಎಂದಿದ್ದರು. ಫುಟ್‌ವಾಲ್ವ್ ಎಂದರೆ ನೀರಿನಲ್ಲಿ ಮುಳುಗಿರುವ ಪೈಪಿನ ಕೊನೆಯ ಬಾಯಿ. ಅದರಲ್ಲಿ ಸಿಕ್ಕಿದ್ದು ಯಾರದೋ ಚೌಕಳಿ ಲುಂಗಿ. ಆ ಫೋಟೋಕ್ಕೆ ಸಿಕ್ಕ ಹೊಗಳಿಕೆ ನನ್ನ ಯಾವ ಮದುವೆ ಆಲ್ಬಮ್ಮಿಗೂ ಸಿಕ್ಕಿರಲಿಲ್ಲ. ಅಂದಿನಿಂದ ನಾನು ನೀರಿಗೆ ಬಿದ್ದವನು, ಇನ್ನೂ ಮೇಲೆ ಬಂದಿಲ್ಲ.

ಆ ವರ್ಷ ಮೇ ತಿಂಗಳ ಒಂದು ಗುರುವಾರ ಅಂಕಲಿಯಿಂದ ರಾವಸಾಬ ಎಂಬ ರೈತನ ಫೋನು ಬಂತು. ಅವನ ಮದುವೆಯ ಫೋಟೋ ತೆಗೆದವನು ನಾನೇ. "ಮಾಮಾ, ನಮ್ಮ ಬಾವ್ಯಾಗ ಕಣ್ಣ ತೇಲಾಕತ್ತಾವರಿ" ಎಂದ. ನಾನು ನಕ್ಕೆ. ಅವನು ನಗಲಿಲ್ಲ. "ಖರೇನ ಹೇಳಾಕತ್ತೇನಿ. ಬೆಳ್ಳಗ ದುಂಡಗ ಅದಾವ. ಮ್ಯಾಲ ಬರ್ತಾವ, ಕೆಳಗ ಹೋಗ್ತಾವ. ಹೆಣ್ಣಾಳು ನೀರ ಮುಟ್ಟವಲ್ಲರು."

ಊರ ಹೊರಗಿನ ತೋಟದಲ್ಲಿ ಅವರ ಮನೆ. ಸುತ್ತಲಿನ ಹೊಲಗಳಲ್ಲಿ ವರ್ಷಗಟ್ಟಲೆ ಕಬ್ಬಿನ ನೀರು ನಿಂತು ಬೋರ್‌ವೆಲ್ಲುಗಳೆಲ್ಲ ಸವಳಾಗಿವೆ. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಚಹಾ ಕುದಿಸಿದರೆ ಉಪ್ಪುಪ್ಪು. ಆ ಭಾಗಕ್ಕೆ ಸಿಹಿನೀರೆಂದರೆ ಇವರ ಕಲ್ಲಿನ ಬಾವಿಯೊಂದೇ. ನಲವತ್ತೆರಡು ಅಡಿ ಆಳ, ಕೆಳಗಿನ ತನಕ ಮೆಟ್ಟಿಲು, ಆ ದಿನ ಹದಿನೆಂಟು ಅಡಿ ನೀರಿತ್ತು. ನಾನು ಹೋದಾಗ ರಾವಸಾಬನ ತಾಯಿ ಶಾಂತವ್ವ ಮೇಲಿನ ಮೆಟ್ಟಿಲ ಮೇಲೆ ಒಬ್ಬರೇ ಕುಳಿತಿದ್ದರು.

"ನೋಡ ತಮ್ಮಾ," ಎಂದರು, "ನಮ್ಮತ್ತಿ ಕಾಲಕ್ಕ ಈ ಬಾವಿಗಿ ಎಲ್ಲಾರೂ ಇಳಿಯಾಂಗಿದ್ದಿಲ್ಲ. ಆಳಿನವರು ಮ್ಯಾಲ ನಿಂತ ಕಾಯಬೇಕಿತ್ತು, ನಾವು ಅವರ ಕೊಡಕ್ಕ ಮ್ಯಾಲಿಂದ ನೀರ ಹಾಕಬೇಕಿತ್ತು. ನಾ ಜಗಳಾಡಿ ಎಲ್ಲಾರ್ನೂ ಮೆಟ್ಟಲಾ ಇಳಿಸೇನಿ. ಈಗ ಅವರ ಬ್ಯಾಡ ಅನ್ನಾಕತ್ತಾರ."

ಅವರು 'ಅವರು' ಎಂದದ್ದು ಇವರ ಹೊಲದಲ್ಲಿ ಕೂಲಿ ಮಾಡುವ ಬಾಯಕ್ಕ ಮತ್ತು ಅವಳ ಹದಿನಾಲ್ಕು ಮಂದಿ ಹೆಣ್ಣಾಳುಗಳಿಗೆ. ಬಾಯಕ್ಕ ಐವತ್ತರ ಆಸುಪಾಸಿನ ಹೆಂಗಸು. ಯಾವ ಹೊಲಕ್ಕೆ ಹೋಗಬೇಕು, ಎಷ್ಟು ಹೊತ್ತಿಗೆ ಊಟ, ಯಾರ ಮನೆಯ ನೀರು ಕುಡಿಯಬೇಕು, ಎಲ್ಲ ಅವಳ ಮಾತಿನಂತೆ. ಅವಳು ಈ ಬಾವಿಗೆ ಬೆನ್ನು ಮಾಡಿದ್ದಳು. ಸೋಮವಾರ ಮೋಟರು ಹಚ್ಚಿ ಬಾವಿ ಬರಿದು ಮಾಡಿ, ಬ್ಲೀಚಿಂಗ್ ಪೌಡರ್ ಸುರಿಯುತ್ತೇನೆ ಎಂದು ರಾವಸಾಬ ನಿರ್ಧರಿಸಿದ್ದ. ಬೇಸಿಗೆಯ ನಡುವೆ ಬಾವಿ ಬರಿದು ಮಾಡಿದರೆ ಮಳೆ ಬರುವ ತನಕ ಮತ್ತೆ ತುಂಬುವ ಖಾತ್ರಿ ಯಾರಿಗೂ ಇರಲಿಲ್ಲ.

ಅಂದೇ ಮಧ್ಯಾಹ್ನ ಹನ್ನೆರಡಕ್ಕೆ ಬಿಸಿಲು ನೇರ ಬಾವಿಯೊಳಗೆ ಬಿದ್ದಾಗ ಇಳಿದೆ. ಕ್ಯಾಮೆರಾಕ್ಕೆ ಹೌಸಿಂಗ್ ಹಾಕಿದ್ದೆ. ಅದು ನೀರು ನುಗ್ಗದಂತೆ ತೊಡಿಸುವ ಗಟ್ಟಿ ಪೆಟ್ಟಿಗೆ. ನೀರಿನ ಮಟ್ಟದಿಂದ ಎರಡು ಮೊಳ ಕೆಳಗೆ ಬಾವಿಯ ಗೋಡೆಯಲ್ಲೊಂದು ಗವಿ, ಸೆಲೆ ಬರುವುದು ಅಲ್ಲಿಂದ. ಅದರ ಬಾಯಿಯ ಮುಂದೆ ಅವು ತೇಲುತ್ತಿದ್ದವು. ಗಾಜಿನಂಥ ಪುಟ್ಟ ಕೊಡೆಗಳು, ಅಂಚಿಗೆ ಕೂದಲಿನಷ್ಟು ತೆಳುವಾದ ಎಳೆಗಳು, ನಡುವೆ ಬಿಳಿಯ ನಾಲ್ಕು ಗೆರೆ. ಕೊಡೆ ಮಡಚಿ ಮೇಲೇರುತ್ತಿದ್ದವು, ಬಿಚ್ಚಿ ಸುಮ್ಮನೆ ಇಳಿಯುತ್ತಿದ್ದವು. ಜೆಲ್ಲಿಫಿಶ್! ಹಿಂದೊಮ್ಮೆ ಸಮುದ್ರದಲ್ಲಿ ಇದರ ಫೋಟೋ ತೆಗೆಯಲು ಹೋಗಿ ತೋಳಿಗೆ ಬಿಸಿ ಎಣ್ಣೆ ಸಿಡಿದ ಹಾಗೆ ಉರಿ ತಂದುಕೊಂಡವನು ನಾನು. ಹಾಗಾಗಿ ಮೊದಲು ಹಿಂದೆ ಸರಿದೆ. ಆದರೆ ಒಂದು ನನ್ನ ಕೈಗೇ ತಾಕಿ ಹೋಯಿತು, ಏನೂ ಆಗಲಿಲ್ಲ. ಕಡಲು ಕಾಣದ ಅಂಕಲಿಯ ಬಾವಿಯಲ್ಲಿ ಜೆಲ್ಲಿಫಿಶ್ ಕಂಡ ಖುಷಿಗೆ ಉಸಿರು ಹಿಡಿಯುವುದನ್ನೇ ಮರೆತು ನೀರು ಕುಡಿದೆ. ಅಂದರೆ ಅವು ಕಂಡ ಮೇಲೆ ಆ ನೀರು ಕುಡಿದ ಮೊದಲ ಮನುಷ್ಯ ನಾನೇ.

ಫೋಟೋಗಳನ್ನು ಪರಿಚಯದ ಪ್ರಾಣಿಶಾಸ್ತ್ರದ ಮೇಷ್ಟರೊಬ್ಬರಿಗೆ ಕಳಿಸಿದೆ. ಸಿಹಿನೀರಿನಲ್ಲೂ ಒಂದು ಸಣ್ಣ ಜಾತಿಯ ಜೆಲ್ಲಿಫಿಶ್ ಇದೆ, ಕೆಲವು ವಾರ ಕಾಣಿಸಿಕೊಂಡು ಮಾಯವಾಗುತ್ತದೆ, ಮನುಷ್ಯರಿಗೆ ತೊಂದರೆ ಇಲ್ಲ, ಆದರೂ ಕುಡಿಯುವ ನೀರಾದ್ದರಿಂದ ಪರೀಕ್ಷೆ ಮಾಡಿಸಿ ಎಂದರು. ರಾವಸಾಬ ಅಂದೇ ಬಾಟಲಿ ತುಂಬಿ ಪರೀಕ್ಷೆಗೆ ಕೊಟ್ಟ. ಶನಿವಾರ ವರದಿ ಬಂತು: ಕುಡಿಯಲು ಯೋಗ್ಯ.

ಇಷ್ಟಕ್ಕೇ ಬಿಟ್ಟಿದ್ದರೆ ನಾನು ಜಾಣ. ಆದರೆ ನಾನು ಮದುವೆ ಫೋಟೋದವನು, ಎಲ್ಲವನ್ನೂ ದೊಡ್ಡದು ಮಾಡಿ ಕೊಟ್ಟೇ ಅಭ್ಯಾಸ. ಒಂದು ಜೆಲ್ಲಿಫಿಶ್ ಇಡೀ ಚೌಕಟ್ಟು ತುಂಬಿದ್ದ ಫೋಟೋವನ್ನು ಇಪ್ಪತ್ತು ಇಂಚು ಅಗಲ, ಮೂವತ್ತು ಇಂಚು ಎತ್ತರ ಪ್ರಿಂಟ್ ಹಾಕಿ, ಚಿನ್ನದ ಬಣ್ಣದ ಫ್ರೇಮು ಕೂಡಿಸಿ, ಶನಿವಾರ ಸಂಜೆ ಶಾಂತವ್ವನ ಪಡಸಾಲೆಯಲ್ಲಿ ತೂಗುಹಾಕಿ ಬಂದೆ. ಎಂಥ ಫೋಟೋ ಅದು! ಇಂದಿಗೂ ಅದಕ್ಕಿಂತ ಚೆಂದದ್ದು ನಾನು ತೆಗೆದಿಲ್ಲ.

ಭಾನುವಾರ ಬೆಳಿಗ್ಗೆ ರಾವಸಾಬನ ಫೋನು. "ಮಾಮಾ, ಏನ ಮಾಡಿಟ್ರಿ? ಬಾಯಕ್ಕ ನಿಮ್ಮ ಫೋಟೋ ನೋಡಿ ಹೋಗ್ಯಾಳ. ಬಾವ್ಯಾಗ ಪರಾತದಷ್ಟ ದೊಡ್ಡ ಜೀವ ಐತಿ ಅಂತ ಊರ ತುಂಬ ಸುದ್ದಿ ಆಗೇತಿ. ನಾಳೆ ಮುಂಜಾನೆ ಮೋಟರ್ ಹಚ್ಚಾವ ನಾ."

ಪರಾತ ಎಂದರೆ ರೊಟ್ಟಿಯ ಹಿಟ್ಟು ನಾದುವ ಅಗಲ ತಟ್ಟೆ. ನಾನು ಬೈಕ್ ಹತ್ತಿದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಆ ಪ್ರಾಣಿ ಇದ್ದದ್ದು ಹೆಬ್ಬೆರಳ ಉಗುರಿಗಿಂತ ಒಂದಿಷ್ಟು ದೊಡ್ಡದು. ಆದರೆ ಅದನ್ನು ಹೇಳುವ ಒಂದೇ ಒಂದು ವಸ್ತು ನನ್ನ ಫೋಟೋದಲ್ಲಿ ಇರಲಿಲ್ಲ. ನೀರಿನ ವರದಿ ಮಡಚಿ ರಾವಸಾಬನ ಜೇಬಿನಲ್ಲಿತ್ತು, ನನ್ನ ರಾಕ್ಷಸ ಎಲ್ಲರ ಕಣ್ಣೆದುರು ಗೋಡೆಯ ಮೇಲಿದ್ದ.

ನಾನು ಹೋದಾಗ ಬಾಯಕ್ಕ ಅಂಗಳದಲ್ಲಿ ಇದ್ದಳು, ಹೆಣ್ಣಾಳುಗಳೂ ಇದ್ದರು. ನಾಳೆಯಿಂದ ಬೇರೆಯವರ ಹೊಲಕ್ಕೆ ಹೋಗುತ್ತೇವೆ ಎಂದು ಹೇಳಲು ಬಂದಿದ್ದರು. ಶಾಂತವ್ವ ಕಂಬ ಹಿಡಿದು ನಿಂತಿದ್ದರು. ನಾನು ಬಾಯಕ್ಕನಿಗೆ ಮ್ಯಾಕ್ರೋ ಲೆನ್ಸ್ ಎಂದರೇನು, ಅದು ಸಾಸಿವೆಯನ್ನೂ ನಿಂಬೆಹಣ್ಣಿನಷ್ಟು ಮಾಡಿ ತೋರಿಸುತ್ತದೆ ಎಂದೆಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಹೌದ್ರಿ," ಎಂದಳು. "ನಿಮ್ಮ ಮಶೀನಿಗಿ ಸಣ್ಣದ್ನ ದೊಡ್ಡದ ಮಾಡಾಕ ಬರ್ತೈತಿ ಅಂದ್ರ ದೊಡ್ಡದ್ನ ಸಣ್ಣದ ಮಾಡಾಕೂ ಬರ್ತೈತಿ. ನಾಳಿಗಿ ಹುರುಳಿಕಾಳಿನಷ್ಟ ಮಾಡಿ ತರ್ತೀರಿ. ಯಾವುದ್ನ ನಂಬೂನು?"

ಮೂವತ್ತೊಂದು ವರ್ಷದ ಅನುಭವ ಬದಿಗಿಟ್ಟೆ. "ನೀವ ಹೇಳ್ರಿ ಬಾಯಕ್ಕ, ಹೆಂಗ ತಗದ್ರ ನಂಬ್ತೀರಿ?" ಎಂದೆ.

ಅವಳು ಕೈಯಿಂದ ಒಂದು ಹಸಿರು ಗಾಜಿನ ಬಳೆ ತೆಗೆದಳು. "ಇದು ನನ್ನ ಬಳಿ. ಎಷ್ಟ ದೊಡ್ಡದೈತಿ ಅಂತ ನನಗ ಗೊತ್ತೈತಿ. ಅದರ ಬಾಜೂಕ ಇದ್ನ ಇಟ್ಟ ತಗೀರಿ. ನಿಮ್ಮ ಅಂಗಡ್ಯಾಗ ಅಲ್ಲ, ಇಲ್ಲೇ, ನಮ್ಮ ಮುಂದ." ಎರಡು ಹೆಜ್ಜೆ ಹೋದವಳು ತಿರುಗಿ ನಿಂತು, "ಬಾಜೂಕ ಬ್ಯಾಡ. ಹಿಂದ ದೂರ ಇದ್ರೂ ಸಣ್ಣದ ಕಾಣ್ತೈತಿ. ಬಳ್ಯಾಗ ಪಾರಾಗಿ ಹೋಗಬೇಕ" ಎಂದಳು.

ಈ ಮಾತಿಗೆ ನಾನು ಮನಸಾರೆ ಕೈ ಮುಗಿದೆ. ಫೋಟೋಗ್ರಫಿಯಲ್ಲಿ ಅಳತೆಯ ವಸ್ತು ಮತ್ತು ಚಿತ್ರದ ವಸ್ತು ಲೆನ್ಸಿನಿಂದ ಒಂದೇ ದೂರದಲ್ಲಿರಬೇಕು ಎಂಬುದು ಮೂಲ ಪಾಠ. ಅದನ್ನು ನಾನು ಮರೆತಿದ್ದೆ, ಕ್ಯಾಮೆರಾ ಮುಟ್ಟದ ಬಾಯಕ್ಕ ಅಂಗಳದಲ್ಲಿ ನಿಂತೇ ಕಂಡುಕೊಂಡಳು.

ಬಳೆಗೆ ಮೀನು ಹಿಡಿಯುವ ಸಣ್ಣ ದಾರ ಕಟ್ಟಿ, ದಾರವನ್ನು ಕಬ್ಬಿಣದ ಸಲಾಕೆಗೆ ಬಿಗಿದು ಗವಿಯ ಮುಂದೆ ಇಳಿಬಿಟ್ಟೆ. ರಾವಸಾಬ ಟ್ರ್ಯಾಕ್ಟರಿನ ಟ್ಯೂಬಿಗೆ ಗಾಳಿ ತುಂಬಿ ಕೊಟ್ಟ. ಅದನ್ನು ಅಪ್ಪಿಕೊಂಡು, ತಲೆಯನ್ನು ನೀರಿಗೆ ಅದ್ದಿ ಕಾಯತೊಡಗಿದೆ. ಹೆಣ್ಣಾಳುಗಳೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ಕುಳಿತರು. ಜೆಲ್ಲಿಫಿಶ್‌ಗಳು ಬಳೆಯ ಎಡಕ್ಕೆ ಬಂದವು, ಬಲಕ್ಕೆ ಬಂದವು, ಮೇಲೆ ಹಾದವು. ಒಳಗೆ ಮಾತ್ರ ಬರಲಿಲ್ಲ. ಒಂದು ಗಂಟೆಯಾಯಿತು. ನಾನು ಕಾಲು ಆಡಿಸಿದರೆ ಗೋಡೆಯ ಪಾಚಿ ಎದ್ದು ಚಿತ್ರವೆಲ್ಲ ಮಬ್ಬಾಗುತ್ತಿತ್ತು, ಆಡಿಸದಿದ್ದರೆ ಟ್ಯೂಬು ತಿರುಗುತ್ತಿತ್ತು.

"ಫೋಟೋದಾವ್ರ, ಅದಕ್ಕ ನಗು ಅಂತ ಹೇಳ್ರಿ!" ಎಂದು ಒಬ್ಬಳು ಕೂಗಿದಳು. "ಮದವಿ ಹೆಣ್ಣಿನ್ನ ಮೂರು ತಾಸ ನಿಂದ್ರಸ್ತಾರ, ಈಗ ತಾವ ನಿಂದ್ರಲಿ ಬಿಡ" ಎಂದಳು ಇನ್ನೊಬ್ಬಳು. ಇಡೀ ಬಾವಿ ನಗೆಯಿಂದ ತುಂಬಿತು. ನಾನೂ ನಕ್ಕು ಮತ್ತೊಮ್ಮೆ ನೀರು ಕುಡಿದೆ.

ಬಿಸಿಲು ಗೋಡೆಯ ಮೇಲೆ ಏರತೊಡಗಿತ್ತು. ಇನ್ನು ಅರ್ಧ ಗಂಟೆ ಹೋದರೆ ಗವಿಯ ಮುಂದೆ ಕತ್ತಲೆ, ಬೆಳಗಾದರೆ ರಾವಸಾಬನ ಮೋಟರು. ಬಳೆ ಹಿಡಿದ ಸಲಾಕೆಯನ್ನು ಒಂದು ಗೇಣು ಕೆಳಗೆ ಇಳಿಸಿದೆ. ಮೇಲೇರುವಾಗ ಅವು ಎಲ್ಲೆಲ್ಲೋ ಹೋಗುತ್ತವೆ, ಕೊಡೆ ಬಿಚ್ಚಿ ಇಳಿಯುವಾಗ ನೆಟ್ಟಗೆ ಬರುತ್ತವೆ ಎಂಬುದು ಅಷ್ಟು ಹೊತ್ತಿಗೆ ನನ್ನ ಮಂದ ತಲೆಗೆ ಹೊಳೆದಿತ್ತು. ಇನ್ನೆರಡು ದಾರ ಕಟ್ಟಿ ಬಳೆಯನ್ನು ತಟ್ಟೆಯ ಹಾಗೆ ಅಡ್ಡಡ್ಡಲಾಗಿ ಮಲಗಿಸಿದೆ. ಸ್ವಲ್ಪ ಹೊತ್ತಿನಲ್ಲೇ ಒಂದು ಮೇಲಿನಿಂದ ತೇಲುತ್ತ ಇಳಿದು, ಬಳೆಯ ನಡುವಿನಿಂದ, ಅಂಚು ತಾಕದೆ, ಆರಾಮಾಗಿ ಪಾರಾಯಿತು. ನಾನು ಬಟನ್ ಒತ್ತಿದೆ. ಹನ್ನೊಂದು ಫೋಟೋ.

ಮೆಟ್ಟಿಲ ಮೇಲೆಯೇ ಕ್ಯಾಮೆರಾದ ಪರದೆಯನ್ನು ಬಾಯಕ್ಕನ ಮುಂದೆ ಹಿಡಿದೆ. ಅವಳು ನೋಡಿದಳು. ದಾರ ಬಿಚ್ಚಿ ಬಳೆ ತೆಗೆದುಕೊಂಡು, ಅದರೊಳಗೆ ಹೆಬ್ಬೆರಳು ಇಟ್ಟು, ಮತ್ತೆ ಪರದೆ ನೋಡಿದಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಅಯ್ಯ ಶಿವನ! ಇಷ್ಟಕ್ಕ ನಾ ನಾಕೈದ ದಿನಾ ಸವಳ ನೀರ ಕುಡದ್ನೆ?" ಎಂದು ಗಟ್ಟಿಯಾಗಿ ನಕ್ಕಳು.

ಬಳೆಯನ್ನು ಕೈಗೆ ಏರಿಸಿಕೊಂಡು ಕೊನೆಯ ಮೆಟ್ಟಿಲಿಗೆ ಇಳಿದಳು. ಬೊಗಸೆಯಲ್ಲಿ ನೀರೆತ್ತಿ, ಅದರಲ್ಲಿ ಏನಾದರೂ ಇದೆಯೇ ಎಂದು ಬಗ್ಗಿ ನೋಡಿ, ಕುಡಿದಳು. ಆಮೇಲೆ ಮೇಲೆ ನಿಂತಿದ್ದ ಶಾಂತವ್ವನತ್ತ ನೋಡಿ, "ಅಕ್ಕಾರ, ಮ್ಯಾಲ ಯಾಕ ನಿಂತೀರಿ? ಇಳದ ಬರ್ರಿ, ಕೊಡಾ ಎತ್ತಾಕ ಒಂದ ಕೈ ಹಚ್ಚರಿ" ಎಂದಳು. ಶಾಂತವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ಕೊಡಕ್ಕೆ ಇಬ್ಬರೂ ಕೈ ಹಚ್ಚಿದರು. ನನ್ನ ಕಣ್ಣಲ್ಲೂ ನೀರು ಬಂತು. ತೊಯ್ದ ಮುಖದಲ್ಲಿ ಅದು ಯಾರಿಗೂ ಕಾಣಲಿಲ್ಲ, ಪುಣ್ಯ.

ಸೋಮವಾರ ಮೋಟರು ಶುರುವಾಗಲಿಲ್ಲ. ಮೂರನೇ ವಾರಕ್ಕೆ ಜೆಲ್ಲಿಫಿಶ್‌ಗಳು ತಾವಾಗಿಯೇ ಮಾಯವಾದವು, ಆಮೇಲೆ ಕಂಡಿಲ್ಲ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ನೀರೊಳಗಿನದನ್ನು ನೀರ ಹೊರಗಿನವರಿಗೆ ತೋರಿಸುವಾಗ, ನೋಡುವವರಿಗೆ ನನ್ನ ಲೆನ್ಸಿನ ಮೇಲೆ ನಂಬಿಕೆ ಇರಬೇಕಾಗಿಲ್ಲ. ಅವರಿಗೆ ಅವರ ಕೈಯ ಮೇಲೆ ನಂಬಿಕೆ ಇದ್ದರೆ ಸಾಕು. ಅದಕ್ಕೇ ಈಗ ಕಾಗವಾಡಕ್ಕೆ ಹೋಗಲಿ, ರಾಯಬಾಗಕ್ಕೆ ಹೋಗಲಿ, ನೀರಿಗಿಳಿಯುವ ಮೊದಲು ಕರೆಸಿದವರ ಹತ್ತಿರ ಏನಾದರೂ ಒಂದು ವಸ್ತು ಕೇಳಿ ತೆಗೆದುಕೊಳ್ಳುತ್ತೇನೆ: ಉಂಗುರ, ಕೀಲಿಕೈ, ತಂಬಾಕಿನ ಡಬ್ಬಿ, ಏನಾದರೂ ಆದೀತು. ಅದು ಅವರದೇ ಆಗಿರಬೇಕು, ಅಷ್ಟೇ.