ಅತ್ತೆಯ ಶುಕ್ರವಾರ, ಕಂಪ್ಯೂಟರಿನ ಶನಿವಾರ

ಬೆಳಿಗ್ಗೆ ಕಾಫಿ ಲೋಟ ಕೆಳಗಿಡುವ ಮೊದಲೇ ಫೋನು ಟಿಂಗ್ ಎಂದಿತು. ಹೊಸ ಅಪ್‌ಡೇಟ್ ಬಂದಿದೆಯಂತೆ, ಹಾಕಿಕೊಳ್ಳಬೇಕಂತೆ. ಅಯ್ಯೋ, ನಿನ್ನೆ ತಾನೆ ಹಾಕಿಕೊಂಡಿದ್ದೇನಲ್ಲಪ್ಪ! ಮೊನ್ನೆಯೂ ಅದನ್ನೇ ಹಾಕಿಕೊಂಡಿದ್ದೆ. ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ತುಂಬಾ ಅನ್ನವಿದ್ದರೂ "ಇನ್ನೊಂಚೂರು ಹಾಕ್ಲಾ" ಎಂದು ಬಾಗಿ ನಿಲ್ಲುವವರನ್ನು ನೀವೂ ನೋಡಿರುತ್ತೀರಿ. ಇದೂ ಅದೇ ಪೈಕಿ. ಮಗನಿಗೆ ಫೋನ್ ಮಾಡಿದೆ. "ಕ್ಯಾನ್ಸಲ್ ಒತ್ತಿಬಿಡಮ್ಮ, ಬೇರೇನೂ ಮುಟ್ಬೇಡ," ಎಂದು ಇಟ್ಟುಬಿಟ್ಟ. ಕೋಪ ಬರಬೇಕಿತ್ತು, ನಗು ಬಂತು. ಈ ಕಾಯಿಲೆ ನನಗೆ ಹಳೆಯ ಪರಿಚಯ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಹಲಸೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನೊಂದು ಡಿಟಿಪಿ ಅಂಗಡಿ ಇಟ್ಟಿದ್ದೆ. ಮದುವೆ ಕಾರ್ಡು, ನಾಮಕರಣ, ಗೃಹಪ್ರವೇಶ, ಕೊನೆಗೆ ವೈಕುಂಠ ಸಮಾರಾಧನೆ, ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ. ಅದನ್ನು ಜೋಡಿಸಿಕೊಟ್ಟವನು ಶಿವಾಜಿನಗರದ ಸಲೀಂ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಆದರೆ ಅವನ ಅಂಗಡಿಗೆ ಶುಕ್ರವಾರ ರಜೆ. ಆ ದಿನ ಕಂಪ್ಯೂಟರ್ ಹೊತ್ತಿ ಉರಿದರೂ ಅವನು ಬರುತ್ತಿರಲಿಲ್ಲ.

ಆ ವರ್ಷವೇ ನಮ್ಮ ಮಾವ ತೀರಿಕೊಂಡರು. ಅತ್ತೆ ಮುನಿಲಕ್ಷ್ಮಮ್ಮನವರದು ಕೆರೆಯ ಕೆಳಗೆ ಸೊಪ್ಪು ಬೆಳೆದು, ಕಟ್ಟು ಕಟ್ಟಿ ಮಾರಿದ ಮನೆತನ. ತೋಟ ಹೋಗಿ ಬಾಡಿಗೆ ಮನೆಗಳಾದ ಮೇಲೂ ಅವರ ಕೈ ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಅಂಥವರು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಊಟಕ್ಕೆ ಕರೆದರೆ "ಇನ್ನು ನಂಗ್ಯಾಕಮ್ಮ" ಎನ್ನುವರು. ಮೂರು ತಿಂಗಳು ಹೀಗೇ ಕಳೆಯಿತು. ಆಮೇಲೆ ಒಂದು ಶುಕ್ರವಾರ ತಾವಾಗಿ ಎದ್ದು, ಹೊಸಿಲು ತೊಳೆದು, ಅಂಗಡಿಗೂ ಬಂದು, ಕಂಪ್ಯೂಟರನ್ನು ಒರೆಸಿ, ಅದರ ತಲೆಗೆ ಕನಕಾಂಬರದ ತುಣುಕು ಇಟ್ಟು, ನನ್ನ ಕುರ್ಚಿಯಲ್ಲಿ ಕೂತರು. ನಾನು ಅಡುಗೆಮನೆಗೆ ಓಡಿಹೋಗಿ ಅತ್ತುಬಿಟ್ಟೆ. ಸಂತೋಷಕ್ಕೇ, ಇನ್ನೇನಕ್ಕೆ!

ಅಲ್ಲಿಂದ ಶುಕ್ರವಾರ ಬೆಳಗಿನ ಕುರ್ಚಿ ಅವರದ್ದಾಯಿತು. ನಮ್ಮ ಯಜಮಾನರು ಮೌಸ್ ಹಿಡಿಯುವುದನ್ನು ಹೇಳಿಕೊಟ್ಟರು. ಒಳಗೆ ನಾನು ಪಾಯಸಕ್ಕೆ ಬೇಳೆ ಬೇಯಿಸುತ್ತಿದ್ದರೆ ಹೊರಗಿನಿಂದ ಟಿಕ್ ಟಿಕ್ ಸದ್ದು ಕೇಳಿಸುವುದು. ಅವರು ಏನು ಮಾಡುತ್ತಾರೆಂದು ನಾನು ಕೇಳಲೂ ಇಲ್ಲ. ಹೇಗೋ ಎದ್ದು ಕೂತರಲ್ಲ, ಅಷ್ಟು ಸಾಕಾಗಿತ್ತು.

ಅದೇ ಹೊತ್ತಿಗೆ ಈ ಕಾಟ ಶುರುವಾಯಿತು. ಶನಿವಾರ ಅಂಗಡಿ ತೆರೆದರೆ ಮೂಲೆಯಲ್ಲಿ ಹಳದಿ ಗುರುತು: ಹದಿನೇಳು ಅಪ್‌ಡೇಟ್ ಬಂದಿವೆ. ಆಗ ಇಂಟರ್ನೆಟ್ ಬರುತ್ತಿದ್ದದ್ದು ಫೋನಿನ ತಂತಿಯಲ್ಲೇ. ಅವು ಇಳಿಯುವಷ್ಟು ಹೊತ್ತೂ ಫೋನು ಎಂಗೇಜು, ಗಿರಾಕಿಗಳ ಬೈಗುಳ. ಮುಗಿಯಿತಪ್ಪ ಎಂದು ನಿಟ್ಟುಸಿರು ಬಿಟ್ಟರೆ ಮುಂದಿನ ಶನಿವಾರ ಮತ್ತೆ ಅವೇ ಹದಿನೇಳು! ಸಲೀಂ ಬರುವನು, ಎಲ್ಲವನ್ನೂ ಹೊಸದಾಗಿ ಹಾಕುವನು, ವಾರವಿಡೀ ಕಂಪ್ಯೂಟರ್ ಸಾಧುವಾಗಿರುವುದು, ಶನಿವಾರ ಬಂತೋ ಅದೇ ರಾಗ.

"ನೀನು ಕೊಟ್ಟಿರೋದೇ ಸೆಕೆಂಡ್ ಹ್ಯಾಂಡ್ ಮಾಲು," ಎಂದು ಎಗರಾಡಿದೆ.

"ಅಲ್ಲಾ ಕಸಮ್ ಅಕ್ಕಾ, ಎಲ್ಲಾ ಹೊಸಾದು."

"ಹಂಗಾದ್ರೆ ಯಾರ ಕೈಗುಣಾನೋ ಇದು? ಯಾವ ದರಿದ್ರ ಮುಟ್ತೋ!" ಎಂದು ದಿನಕ್ಕೆ ಹತ್ತು ಸಲ ಗೊಣಗುತ್ತಿದ್ದೆ, ಅತ್ತೆಯ ಎದುರಿಗೇ. ನಗಬೇಡಿ, ಶನಿವಾರವೇ ಕೆಡುತ್ತದಲ್ಲ ಎಂದು ಶನಿಮಹಾತ್ಮನ ಗುಡಿಗೆ ಹೋಗಿ ಎಳ್ಳೆಣ್ಣೆ ದೀಪವನ್ನೂ ಹಚ್ಚಿಬಂದೆ.

ನಾಲ್ಕನೆಯ ಸಲ ಸಲೀಂ ತಲೆ ಕೆರೆದುಕೊಂಡ. "ಅಕ್ಕಾ, ಶನಿವಾರ ಕೆಟ್ಟಿರತ್ತೆ ಅಂದ್ರೆ ಶುಕ್ರವಾರ ಏನೋ ಆಗ್ತಾ ಇದೆ. ಈ ವಾರ ರಜಾ ಆದ್ರೂ ಬರ್ತೀನಿ."

ಬಂದ. ಬಿಳಿ ಜುಬ್ಬಾ ಹಾಕಿಕೊಂಡು, ಅತ್ತರಿನ ಘಮದೊಂದಿಗೆ ಬಾಗಿಲಲ್ಲಿ ನನ್ನ ಪಕ್ಕ ನಿಂತ. ಅತ್ತೆ ನಮ್ಮನ್ನು ಗಮನಿಸಲಿಲ್ಲ. ಪಟಪಟನೆ ಡಬ್ಬಿಯೊಳಗಿನ ಡಬ್ಬಿಗಳಂತೆ ಫೋಲ್ಡರುಗಳನ್ನು ತೆರೆದು, ಅದರಲ್ಲೊಂದನ್ನು ಎಳೆದು ಕಸದ ಬುಟ್ಟಿಗೆ ಹಾಕಿ, ಬುಟ್ಟಿಯನ್ನೂ ಖಾಲಿ ಮಾಡಿ, "ಹೋಯ್ತು ಪೀಡೆ," ಎಂದು ಕೈ ಕೊಡವಿಕೊಂಡರು.

"ಅಮ್ಮಾ, ಅದ್ಯಾವ್ದು ತೆಗ್ದಿದ್ದು?" ಸಲೀಂ ಮೆಲ್ಲಗೆ ಕೇಳಿದ.

"ಲಾಳದ ಹಂಗಿರೋ ಅಕ್ಷರದ್ದಪ್ಪ. ಜಾಗ ತಿಂತದೆ, ಬೇಡದ್ದು ಅಂತ ನನ್ ಮಗ ತೋರ್ಸಿದ್ದ. ಎಷ್ಟು ಕಿತ್ರೂ ವಾರಕ್ಕೆ ಮತ್ತೆ ಬಂದಿರ್ತದೆ, ಕಳೆ ಇದ್ದಂಗೆ."

ಸಲೀಂ ನನ್ನ ಮುಖ ನೋಡಿದ. ಲಾಳವೆಂದರೆ ಇಂಗ್ಲಿಷಿನ ‘ಯು’; ಯಾವ ಅಪ್‌ಡೇಟ್ ಹಾಕಿದ್ದಾಗಿದೆ ಎಂದು ಕಂಪ್ಯೂಟರ್ ತಾನು ಬರೆದಿಟ್ಟುಕೊಳ್ಳುವ ಜಾಗವೇ ಅದಂತೆ. ಯಜಮಾನರು ಯಾವತ್ತೋ ಡಿಸ್ಕ್ ತುಂಬಿದಾಗ ಒಮ್ಮೆ ಅಳಿಸಿ ಮರೆತಿದ್ದರು. ಅತ್ತೆ ಅದನ್ನು ಶುಕ್ರವಾರದ ವ್ರತ ಮಾಡಿಕೊಂಡಿದ್ದರು. ಲೆಕ್ಕವೇ ಅಳಿಸಿಹೋದ ಮೇಲೆ ಪಾಪ ಅದೇನು ಮಾಡೀತು, ಮತ್ತೆ ಮೊದಲಿಂದ ಬಡಿಸಲು ಬರುತ್ತಿತ್ತು.

ಕಂಪ್ಯೂಟರಿನ ಮನೆ ಹಾಳಾಗಲಿ. ಕೆಡಿಸಿದ್ದು ತಾನೇ ಎಂದು ಗೊತ್ತಾದರೆ ಅತ್ತೆ ಆ ಕುರ್ಚಿ ಬಿಟ್ಟೇಳುತ್ತಾರೆ, ಮತ್ತೆ ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ದರಿದ್ರ ಎಂದು ತಿಂಗಳಿಡೀ ಬೈದದ್ದು ಬೇರೆ! ಸಲೀಂ ಎಷ್ಟು ಅರ್ಥ ಮಾಡಿಕೊಂಡನೋ, ತಟ್ಟನೆ ಮುಂದೆ ಬಂದ. "ತಪ್ಪು ನಂದಮ್ಮಾ. ನಾನೇ ಸೆಟ್ಟಿಂಗ್ ಉಲ್ಟಾ ಮಾಡ್ಬಿಟ್ಟಿದ್ದೆ."

ಅತ್ತೆ ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಸುಳ್ಳು ಹೇಳ್ಬೇಡಪ್ಪ. ಶುಕ್ರವಾರ ನಿಮ್ಗೂ ದೊಡ್ಡ ದಿನ, ನಮ್ಗೂ ದೊಡ್ಡ ದಿನ. ಕೆಡ್ಸಿದ್ದು ನಾನೇ ತಾನೆ?"

ಅತ್ತೆ ಎದ್ದು ಒಳಗೆ ಹೋದರು. ಮುಗಿಯಿತು ಕಥೆ ಎಂದುಕೊಂಡೆ. ಐದು ನಿಮಿಷಕ್ಕೆ ಕಾಫಿ ಹಿಡಿದು ಬಂದರು, ಸಲೀಮನಿಗೆ ಕೊಟ್ಟರು, ಮತ್ತೆ ಅದೇ ಕುರ್ಚಿಯಲ್ಲಿ ಕೂತರು.

"ಮುದುಕಿ ಏನೋ ಮಾಡ್ಕೊಂಡಿರ್ಲಿ ಅಂತ ಅಳ್ಸೋದೊಂದು ಹೇಳ್ಕೊಟ್ಟು ಕೂರ್ಸಿದ್ರಿ. ಬರಿಯೋದು ಒಬ್ರಾದ್ರೂ ಹೇಳ್ಕೊಟ್ರೇನಮ್ಮ?"

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಅತ್ತೆ ಕೂತಿದ್ದಾರೆಂದು ನಾನು ಖುಷಿಪಟ್ಟದ್ದು ನಿಜ; ಅವರಿಗೆ ಏನು ಬೇಕು ಎಂದು ಕೇಳಿರಲಿಲ್ಲ. ಆವತ್ತು ನಮಾಜಿನ ಹೊತ್ತಾಗುವವರೆಗೂ ಸಲೀಂ ಪಕ್ಕದಲ್ಲಿ ನಿಂತು ಯಾವ ಗುಂಡಿಗೆ ಯಾವ ಕನ್ನಡ ಅಕ್ಷರ ಎಂದು ತೋರಿಸಿದ. ಸಂಜೆ ಹೊತ್ತಿಗೆ ಮೊದಲ ಪ್ರಿಂಟು ಬಂತು: "ಲಾಳದ ಅಕ್ಷರದ ಡಬ್ಬಿ ಯಾರೂ ಮುಟ್ಟಕೂಡದು. ಮುನಿಲಕ್ಷ್ಮಮ್ಮ." ಅತ್ತೆ ಅದನ್ನು ಗೋಡೆಗೆ ಅಂಟಿಸಿದರು. ಹಳದಿ ಗುರುತು ಅಲ್ಲಿಗೆ ತಣ್ಣಗಾಯಿತು. ಮುಂದಿನ ವರ್ಷದ ಹೊತ್ತಿಗೆ ಕಾರ್ಡುಗಳನ್ನು ಅವರೇ ಟೈಪ್ ಮಾಡುತ್ತಿದ್ದರು. ಗಂಡಿನ ಕಡೆಯವರು ಹೆಣ್ಣಿನ ತಾಯಿಯ ಹೆಸರು ಬಿಟ್ಟಿದ್ದರೆ ಗದರಿಸಿ ಬರೆಸಿಕೊಳ್ಳುತ್ತಿದ್ದರು. ಅವರು ಇದ್ದಷ್ಟು ವರ್ಷ ನನ್ನ ಅಂಗಡಿಗೆ ಯಜಮಾನಿ ಯಾರು ಎಂಬ ಅನುಮಾನ ಗಿರಾಕಿಗಳಿಗೆ ಇರಲೇ ಇಲ್ಲ.

ಇದನ್ನೆಲ್ಲ ನೆನೆಯುವಷ್ಟರಲ್ಲಿ ಲೋಟದಲ್ಲಿ ಉಳಿದ ಕಾಫಿ ಆರಿಹೋಗಿತ್ತು. ಮಗನಿಗೆ ಮತ್ತೆ ಫೋನ್ ಮಾಡಿದೆ.

"ಸಂಜೆ ಬರ್ತಾ ಅರ್ಧ ಗಂಟೆ ಇಟ್ಕೊಂಡ್ ಬಾರೋ. ಏನು ಒತ್ಬೇಕು ಅಂತ ಹೇಳ್ಬೇಡ, ಅದ್ಯಾಕೆ ಹಂಗ್ ಮಾಡುತ್ತೆ ಅಂತ ಹೇಳ್ಕೊಡು."



"ನಿಜ ಹೇಳ್ಬೇಕು ಅಂದ್ರೆ, ಅದು ನಂಗೂ ಗೊತ್ತಿಲ್ಲಮ್ಮ," ಎಂದ.

"ಸರಿ ಬಿಡು, ಇಬ್ರೂ ಕೂತು ನೋಡೋಣ ಬಾ," ಎಂದೆ.